ಬೇಡುವುದು ಮತ್ತು ಬೇಡವೆನ್ನುವುದು

ಎರಡು ವರ್ಷಗಳ ಹಿಂದಿನ ಮಾತು. ಕಾಲೇಜಿನ ಸಾಂಸ್ಕೃತಿಕ ಸಮಿತಿಯ ಸಭೆ ಮುಗಿದ ಮೇಲೆ ಇಂಗ್ಲಿಷಿನಲ್ಲಿ ಟೈಪಾದ ಅರ್ಧ ಪುಟದ ಠರಾವೊಂದು ನನ್ನ ಮೇಜಿಗೆ ಬಂದಿತು. ಸಂಜೆ ಐದು ಗಂಟೆಯೊಳಗೆ ಅದನ್ನು ಕನ್ನಡಕ್ಕೆ ತಿರುಗಿಸಿ ಸೂಚನಾ ಫಲಕಕ್ಕೆ ಹಚ್ಚಬೇಕಾಗಿತ್ತು. ಇಂತಹ ಕೆಲಸ ಕನ್ನಡ ವಿಭಾಗಕ್ಕೆ ಹೊಸದಲ್ಲ. ಆಹ್ವಾನ ಪತ್ರಿಕೆಯಿಂದ ಹಿಡಿದು ಶೋಕ ಸಂದೇಶದವರೆಗೆ ಎಲ್ಲವೂ ಕೊನೆಗೆ ನಮ್ಮ ಬಾಗಿಲಿಗೇ ಬರುತ್ತವೆ. ಐದು ವಾಕ್ಯಗಳ ಆ ಠರಾವಿನಲ್ಲಿ ನಾಲ್ಕು ವಾಕ್ಯಗಳು ಚರ್ಚಾ ಸ್ಪರ್ಧೆಯ ದಿನಾಂಕ, ಸ್ಥಳ, ಸಮಯ, ಬಹುಮಾನಗಳಿಗೆ ಸಂಬಂಧಿಸಿದ್ದವು. ಐದನೆಯ ವಾಕ್ಯದ ತಾತ್ಪರ್ಯ ಇಷ್ಟು: ವೇದಿಕೆಯ ಮೇಲೆ ಮಿಶ್ರ ಆಡುಮಾತನ್ನು ಬಳಸುವುದನ್ನು ಸಮಿತಿಯು ‘ಡೆಪ್ರಿಕೇಟ್’ ಮಾಡುತ್ತದೆ. ನಾನು ಹೆಚ್ಚು ಯೋಚಿಸದೆ ‘ಮಿಶ್ರ ಆಡುಮಾತಿನ ಬಳಕೆಯನ್ನು ಸಮಿತಿಯು ನಿಷೇಧಿಸುತ್ತದೆ’ ಎಂದು ಬರೆದೆ. ಸಹಿಗೆ ಕಳುಹಿಸಿ, ಬಸ್ಸು ಹಿಡಿದು ಮನೆಗೆ ಹೋದೆ.

ಸ್ಪರ್ಧೆ ನಡೆಯಿತು. ಬಹುಮಾನಗಳೂ ಹಂಚಿ ಹೋದವು. ಮೂರು ವಾರಗಳ ಬಳಿಕ ಹೆಸರು ಕೊಟ್ಟವರ ಪಟ್ಟಿಯನ್ನು ಕಡತಕ್ಕೆ ಸೇರಿಸುವಾಗ ಒಂದು ಹೆಸರಿನ ಮೇಲೆ ಗೆರೆ ಎಳೆದಿರುವುದು ಕಣ್ಣಿಗೆ ಬಿತ್ತು. ನಾಗಲಗಿದ್ದದ ಸಮೀಪದ ಹಳ್ಳಿಯೊಂದರಿಂದ ಬರುವ ಎರಡನೆಯ ವರ್ಷದ ವಿದ್ಯಾರ್ಥಿನಿ ಅವಳು. ತರಗತಿಯಲ್ಲಿ ಪ್ರಶ್ನೆ ಕೇಳುವ ಕೆಲವೇ ಮಕ್ಕಳಲ್ಲಿ ಒಬ್ಬಳು. ಈಚೆಗೆ ಅವಳು ಪ್ರಶ್ನೆ ಕೇಳುತ್ತಿಲ್ಲವೆಂಬುದು ಕೂಡ ಆಗಲೇ ನನಗೆ ಹೊಳೆದದ್ದು. ಕರೆದು, “ಯಾಕಮ್ಮಾ, ಹೆಸರು ಹಿಂದಕ್ಕೆ ತಗೊಂಡೆ?” ಎಂದು ಕೇಳಿದೆ. ಅವಳು ತುಸು ಹೊತ್ತು ಸುಮ್ಮನೆ ನಿಂತಳು. ಆಮೇಲೆ, “ನಿಷೇಧ ಅಂತ ಬೋರ್ಡಿನ ಮ್ಯಾಲ ಬರ್ದಿತ್ತಲ್ರೀ ಸರ್. ನನಗ ಬರೋದೇ ಅದೊಂದು” ಎಂದಳು.

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ರೈಲ್ವೆ ಹಳಿ ದಾಟಬಾರದು ಎಂಬ ಫಲಕವನ್ನು ಓದಿದವರು ಹೇಗೆ ಹಿಂದಿರುಗುತ್ತಾರೋ ಹಾಗೆ ಅವಳು ಹಿಂದಿರುಗಿದ್ದಳು, ಅಷ್ಟೇ. ಸಮಿತಿ ಹೇಳಿದ್ದು ‘ಅಂತಹ ಮಾತು ನಮಗೆ ಅಷ್ಟು ಒಪ್ಪಿಗೆಯಿಲ್ಲ’ ಎಂದು. ನಾನು ಹೇಳಿದ್ದು ‘ಬಾಯಿ ತೆರೆಯಬೇಡ’ ಎಂದು. ಈ ಎರಡರ ನಡುವಿನ ಅಂತರವನ್ನು ಅಳೆಯಲು ಆ ರಾತ್ರಿ ನಿಘಂಟುಗಳನ್ನು ತೆರೆದು ಕುಳಿತೆ. ಈ ಲೇಖನ ಆ ರಾತ್ರಿಯಿಂದ ಶುರುವಾದದ್ದು.

ಮೊದಲು ಆ ಇಂಗ್ಲಿಷ್ ಕ್ರಿಯಾಪದದ ಹುಟ್ಟನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಡೆ’ ಎಂದರೆ ಆಚೆಗೆ, ದೂರಕ್ಕೆ. ‘ಪ್ರೆಕಾರಿ’ ಎಂದರೆ ಬೇಡಿಕೊಳ್ಳುವುದು, ಪ್ರಾರ್ಥಿಸುವುದು. ಎರಡೂ ಕೂಡಿದಾಗ ‘ಬರಲಿರುವ ಕೇಡು ದೂರ ಹೋಗಲಿ ಎಂದು ಬೇಡಿಕೊಳ್ಳುವುದು’ ಎಂಬ ಅರ್ಥ ಬರುತ್ತದೆ. ಇಂಗ್ಲಿಷಿನ ‘ಪ್ರೇಯರ್’ ಎಂಬ ಪದದ ಮೂಲವೂ ಈ ಧಾತುವೇ. ಸಂಸ್ಕೃತದ ‘ಪೃಚ್ಛೆ’, ‘ಪ್ರಶ್ನೆ’ಗಳನ್ನು ಇದೇ ಬಳಗಕ್ಕೆ ಸೇರಿದವೆಂದು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಇಂಗ್ಲಿಷಿಗೆ ಬಂದ ಮೊದಲ ದಿನಗಳಲ್ಲಿ ಈ ಕ್ರಿಯಾಪದಕ್ಕೆ ದೇವರ ಕೋಪ, ರೋಗ, ಯುದ್ಧ ಮುಂತಾದವು ಕರ್ಮವಾಗಿರುತ್ತಿದ್ದವು. ಭಕ್ತನು ಅವು ತನ್ನ ಮೇಲೆ ಬೀಳದಿರಲೆಂದು ಮೊರೆಯಿಡುತ್ತಿದ್ದನು. ಕಾಲ ಕಳೆದಂತೆ ಪ್ರಾರ್ಥನೆ ಸವೆದು ಹೋಗಿ ಅಸಮ್ಮತಿ ಮಾತ್ರ ಉಳಿಯಿತು. ‘ಇದು ಆಗದಿರಲಿ ದೇವರೇ’ ಎಂಬುದು ‘ಇದು ಆಗಬಾರದು’ ಎಂದಾಯಿತು, ಮುಂದೆ ‘ಇದು ನಮಗೆ ಸರಿಕಾಣದು’ ಎಂದಾಯಿತು. ಆದರೆ ಸವೆದ ಬಳಿಕವೂ ಅದು ಆಜ್ಞೆಯಾಗಲಿಲ್ಲ ಎಂಬುದನ್ನು ಗಮನಿಸಬೇಕು. ಬೇಡುವವನ ಕೈಯಲ್ಲಿ ದಂಡವಿರುವುದಿಲ್ಲ. ನಮ್ಮ ದೇಶದ ನ್ಯಾಯಾಲಯಗಳ ತೀರ್ಪುಗಳಲ್ಲಿಯೂ ಈ ಪದ ಆಗಾಗ ಕಾಣುತ್ತದೆ. ಯಾವುದೋ ಒಂದು ರೂಢಿ ತಪ್ಪು, ಅದನ್ನು ಮುಂದುವರಿಸುವುದು ಒಳ್ಳೆಯದಲ್ಲ ಎಂದು ನ್ಯಾಯಾಧೀಶರು ಹೇಳಬೇಕಾದಾಗ ಇದನ್ನು ಬಳಸುತ್ತಾರೆ. ಸಾಮಾನ್ಯವಾಗಿ ಇದರ ಗುರಿ ಒಂದು ನಡೆ, ಒಂದು ಪದ್ಧತಿ. ಆ ನಡೆಯ ಹಿಂದಿರುವ ವ್ಯಕ್ತಿಯಲ್ಲ.

ಇದಕ್ಕೆ ಇನ್ನೊಂದು ಗೊಂದಲದ ಬಂಧುವಿದೆ. ನಮ್ಮ ವಾಣಿಜ್ಯ ವಿಭಾಗದ ಮಿತ್ರರು ದಿನವೂ ಬಳಸುವ ‘ಡೆಪ್ರಿಷಿಯೇಷನ್’, ಅಂದರೆ ಸವಕಳಿ. ಮರಾಠಿಯವರು ಅದನ್ನು ‘ಘಸಾರಾ’ ಎನ್ನುತ್ತಾರೆ. ಇದರ ಹುಟ್ಟು ಬೆಲೆ ಎಂಬ ಅರ್ಥದ ‘ಪ್ರೆಟಿಯಂ’ ಎಂಬ ಪದದಲ್ಲಿದೆ. ಒಂದು ಬೇಡಿಕೆಯ ಕುಲದ್ದು, ಇನ್ನೊಂದು ಬೆಲೆಯ ಕುಲದ್ದು. ಉಚ್ಚಾರ ಹತ್ತಿರವಾದುದರಿಂದ ಇಂಗ್ಲಿಷ್ ಬಲ್ಲವರೇ ಒಂದರ ಜಾಗದಲ್ಲಿ ಮತ್ತೊಂದನ್ನು ಹಾಕಿದರು. ತನ್ನನ್ನು ತಾನೇ ಹಗುರ ಮಾಡಿಕೊಂಡು ಮಾತನಾಡುವವರಿಗೆ ಇಂಗ್ಲಿಷಿನಲ್ಲಿರುವ ವಿಶೇಷಣ ಮೊದಲು ಬೆಲೆಯ ಕುಲದ್ದೇ ಆಗಿದ್ದು, ಇಂದು ಬೇಡಿಕೆಯ ಕುಲದ ರೂಪದಲ್ಲಿ ನೆಲೆನಿಂತಿದೆ. ಹೀಗಾಗಿ ‘ಅಸಮ್ಮತಿ ಸೂಚಿಸು’ ಎಂಬುದರ ಜೊತೆಗೆ ‘ಬೆಲೆ ಕುಗ್ಗಿಸಿ ಮಾತನಾಡು’ ಎಂಬ ಅರ್ಥವೂ ಆ ಕ್ರಿಯಾಪದಕ್ಕೆ ಅಂಟಿಕೊಂಡಿತು.

ಮೂರನೆಯ ಅರ್ಥವನ್ನು ನನಗೆ ತಿಳಿಸಿದವನು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ. ಫೋನಿನಲ್ಲಿ ಈ ಪದ ಕೇಳಿದೊಡನೆ ನಕ್ಕು, “ಮಾಮಾ, ಇದು ನಮಗ ದಿನದ ಪದ” ಎಂದನು. ಕಂಪ್ಯೂಟರಿನ ಭಾಷೆಗಳಲ್ಲಿ ಹಳೆಯ ಆದೇಶವೊಂದನ್ನು ಇನ್ನು ಮುಂದೆ ಬಳಸದಿರುವುದು ಲೇಸು ಎಂದು ಸೂಚಿಸಬೇಕಾದಾಗ ಅದನ್ನು ‘ಡೆಪ್ರಿಕೇಟ್’ ಮಾಡುತ್ತಾರಂತೆ. ಅಂತರಜಾಲದ ಪುಟಗಳನ್ನು ರೂಪಿಸುವ ಎಚ್‌ಟಿಎಂಎಲ್‌ನ ನಾಲ್ಕನೆಯ ಆವೃತ್ತಿ 1997ರ ಡಿಸೆಂಬರಿನಲ್ಲಿ ಬಂದಾಗ ಅಕ್ಷರದ ಗಾತ್ರ, ಬಣ್ಣಗಳನ್ನು ಸೂಚಿಸುವ ‘ಫಾಂಟ್’ ಎಂಬ ಗುರುತಿಗೆ ಹೀಗೆ ಆಯಿತು. ಹಾಗೆಂದು ಅದನ್ನು ಬಳಸಿದ್ದ ಪುಟಗಳು ಮರುದಿನ ಕೆಟ್ಟು ನಿಲ್ಲಲಿಲ್ಲ. ಅವು ಎಂದಿನಂತೆ ತೆರೆಯುತ್ತಲೇ ಇದ್ದವು. “ಅಂದ್ರ ಬಂದ್ ಮಾಡಿದ್ದಲ್ಲ ಮಾಮಾ. ಇನ್ನಾ ನಡೀತದ, ಖರೆ ಹೊಸಾದ್ರಾಗ ಹಾಕಬ್ಯಾಡ್ರಿ ಅಂತ” ಎಂದನು ಅವನು. ತಂತ್ರಜ್ಞರು ಯಂತ್ರದ ಆದೇಶಕ್ಕೆ ತೋರಿದಷ್ಟು ಸೌಜನ್ಯವನ್ನು ನಾನು ಒಬ್ಬ ಹುಡುಗಿಯ ಮಾತಿಗೆ ತೋರಿರಲಿಲ್ಲ.

ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿದವನಿಗೆ ‘ನಿಷೇಧ’ದ ಅರ್ಥ ಗೊತ್ತಿರಲಿಲ್ಲವೆ ಎಂದು ಓದುಗರು ಕೇಳಬಹುದು. ಗೊತ್ತಿತ್ತು. ಆದರೆ ಅವಸರದಲ್ಲಿ ಬರೆಯುವಾಗ ಕೈ ನಡೆಸುವುದು ಪಾಂಡಿತ್ಯವಲ್ಲ, ಬಾಲ್ಯದ ಕಿವಿ. ಅದಕ್ಕೆ ನಮ್ಮ ಮನೆಯ ಭೂಗೋಳವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು.

ನಾನು ಹುಟ್ಟಿದ್ದು ನಾಗಲಗಿದ್ದದಲ್ಲಿ. ತಾಯಿಯ ತವರು ಉದಗೀರ. ಅಜ್ಜನ ಮನೆಯಲ್ಲಿದ್ದು ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿ ಓದಿದೆ. ಐದನೆಯ ತರಗತಿಯಿಂದ ಬೀದರಿನಲ್ಲಿ ಕನ್ನಡ ಮಾಧ್ಯಮ. ಇಂದು ಈ ಮೂರು ಊರುಗಳು ಮೂರು ರಾಜ್ಯಗಳಲ್ಲಿವೆ. ಆದರೆ 1956ರ ಅಕ್ಟೋಬರ್ ಕೊನೆಯ ದಿನದವರೆಗೂ ಮೂರೂ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ಊರುಗಳೇ. ನವೆಂಬರ್ 1ರಂದು ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲ್ಲೂಕು ಮತ್ತು ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಆಂಧ್ರಪ್ರದೇಶಕ್ಕೆ ಸೇರಿದವು. ಉಳಿದದ್ದು ಮೈಸೂರಿಗೆ ಬಂದಿತು. ಅದೇ ದಿನ ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಆಂಧ್ರಪ್ರದೇಶದ ಕಡೆಗಾದವು. ನಾಗಲಗಿದ್ದ ಮೆದಕ ಜಿಲ್ಲೆಯಲ್ಲಿತ್ತು, 2016ರಿಂದ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ನಕಾಶೆ ಎಷ್ಟು ಸಲ ಬದಲಾದರೂ ನಮ್ಮ ಸೀಮೆಯ ಮಾಂಜ್ರಾ ನದಿ ಮಾತ್ರ ಹಳೆಯ ದಾರಿಯಲ್ಲೇ ಹರಿಯುತ್ತದೆ. ಬೀಡ ಜಿಲ್ಲೆಯ ಬಾಲಾಘಾಟದ ಗುಡ್ಡಗಳಲ್ಲಿ ಹುಟ್ಟಿ, ಮರಾಠಿಯನ್ನು ಕೇಳುತ್ತ ಲಾತೂರು ಸೀಮೆಯನ್ನು ದಾಟಿ, ಬೀದರದಲ್ಲಿ ಕನ್ನಡ ಕೇಳಿ, ತೆಲುಗು ನಾಡಿನಲ್ಲಿ ಸಿಂಗೂರು ಅಣೆಕಟ್ಟನ್ನು ತುಂಬಿ, ಕಂದಕುರ್ತಿಯ ಬಳಿ ಗೋದಾವರಿಯನ್ನು ಕೂಡುತ್ತದೆ.

ಇಂತಹ ಸೀಮೆಯಲ್ಲಿ ಬೆಳೆದವರಿಗೆ ಪದಗಳು ಬಟ್ಟೆಯಂತೆ ಒಂದೇ ಕಂಡು ಅಳತೆಯಲ್ಲಿ ಬೇರೆಯಾಗಿರುತ್ತವೆ. ಮರಾಠಿ ಶಾಲೆಯಲ್ಲಿ ಶಿಕ್ಷಕಿಯನ್ನು ‘ಬಾಈ’ ಎಂದು ಕರೆಯುತ್ತಿದ್ದೆವು. ಮರಾಠಿಯಲ್ಲಿ ‘ರಾಗ’ ಎಂದರೆ ಸಿಟ್ಟು, ‘ರಾಗಾವಣೆ’ ಎಂದರೆ ಸಿಟ್ಟಾಗುವುದು, ಬೈಯುವುದು. ರಜೆಗೆ ನಾಗಲಗಿದ್ದಕ್ಕೆ ಬಂದಾಗ ಅಪ್ಪನ ತಾಯಿಯ ಮುಂದೆ, “ಆಯೀ, ಇವತ್ತಿನಾಗ ಬಾಈ ನನಗ ಭಾಳ ರಾಗ ಮಾಡ್ತಾರ” ಎಂದು ದೂರಿದೆ. ಆಕೆ ಸೊಪ್ಪು ಸೋಸುತ್ತ, “ರಾಗ ತೆಗೆದು ಹಾಡ್ತಾರ? ಛಲೋ ಆಯ್ತಲ್ಲೋ, ಯಾವ ಹಾಡು?” ಎಂದಳು. ಮನೆಮಂದಿಯೆಲ್ಲ ನಕ್ಕರು. ನಾನು ಅತ್ತೆ.

‘ನಿಷೇಧ’ದ ಕಥೆಯೂ ಇದೇ. ಸಂಸ್ಕೃತದಲ್ಲಿ ಅದರ ಅರ್ಥ ಬೇಡವೆಂದು ತಡೆಯುವುದು. ಕನ್ನಡ, ತೆಲುಗುಗಳು ಅದನ್ನು ಹಾಗೇ ಉಳಿಸಿಕೊಂಡವು. ಮರಾಠಿಯಲ್ಲಿ ‘ನಿಷಿದ್ಧ’ ಎಂಬ ವಿಶೇಷಣ ಹಳೆಯ ಅರ್ಥದಲ್ಲಿಯೇ ನಿಂತರೂ ‘ನಿಷೇಧ ಕರಣೆ’ ಎಂಬ ಕ್ರಿಯೆ ಸಾರ್ವಜನಿಕ ವ್ಯವಹಾರದಲ್ಲಿ ‘ಖಂಡಿಸುವುದು, ಪ್ರತಿಭಟನೆ ಸೂಚಿಸುವುದು’ ಎಂಬ ಅರ್ಥಕ್ಕೆ ಸರಿಯಿತು. ತಡೆಯುವುದಕ್ಕೆ ಅವರು ‘ಬಂದೀ’ ಅಥವಾ ‘ಮನಾಈ’ ಎನ್ನುತ್ತಾರೆ. ಅಜ್ಜ ಬೆಳಿಗ್ಗೆ ಗಟ್ಟಿಯಾಗಿ ಓದುತ್ತಿದ್ದ ಮರಾಠಿ ಪತ್ರಿಕೆಯಲ್ಲಿ ದಿನವೂ ಯಾರೋ ಯಾವುದಕ್ಕೋ ನಿಷೇಧ ವ್ಯಕ್ತಪಡಿಸುತ್ತಿದ್ದರು. ಅಂದರೆ ಅದನ್ನು ತಡೆದರೆಂದಲ್ಲ, ತಮಗೆ ಅದು ಒಪ್ಪಿಗೆಯಿಲ್ಲವೆಂದು ಹೇಳಿದರು, ಅಷ್ಟೇ. ನನ್ನ ಕಿವಿಗೆ ಆ ಪದದ ಮೊದಲ ಅರ್ಥ ಅದು. ನಾರಾಯಣಖೇಡದ ಗೋಡೆಗಳ ಮೇಲೆ ತೆಲುಗಿನಲ್ಲಿ ‘ನಿರಸನ’ ಎಂದು ಬರೆದಿದ್ದರೆ ಅದು ಪ್ರತಿಭಟನೆ. ನಮ್ಮ ಕನ್ನಡ ಗ್ರಂಥಗಳಲ್ಲಿ ‘ನಿರಸನ’ ಎಂದರೆ ಒಂದು ವಾದವನ್ನು ತಳ್ಳಿಹಾಕುವುದು, ನಿವಾರಿಸುವುದು. ತೆಲುಗಿನವರಿಗೆ ‘ಅವಸರಂ’ ಎಂದರೆ ಅಗತ್ಯ, ನಮಗೆ ಅವಸರ ಎಂದರೆ ಗಡಿಬಿಡಿ. ಆ ಸಂಜೆ ನನಗಿದ್ದದ್ದು ಕನ್ನಡದ ಅವಸರ, ಬರೆದದ್ದು ಮರಾಠಿಯ ನಿಷೇಧ, ಅದನ್ನು ಓದಿದವಳು ಒಂದರಿಂದ ಐದನೆಯ ತರಗತಿಯವರೆಗೆ ತೆಲುಗು ಮಾಧ್ಯಮದಲ್ಲಿ ಕಲಿತ ಕನ್ನಡತಿ. ಅವಳ ಎರಡೂ ಭಾಷೆಗಳಲ್ಲಿ ಆ ಪದಕ್ಕೆ ಒಂದೇ ಅರ್ಥವಿತ್ತು.

ಗಡಿಯ ಭಾಷೆಗಳು ಮೋಸವನ್ನೇ ಮಾಡುತ್ತವೆಂದಲ್ಲ. ಅಲ್ಲಿ ಒಡಹುಟ್ಟಿದವರೂ ಸಿಗುತ್ತಾರೆ. ನಮ್ಮ ‘ಹೊಗಳು’ ಮತ್ತು ‘ತೆಗಳು’ ಎಂಬ ಜೋಡಿಯನ್ನೇ ನೋಡಿರಿ. ಹಳಗನ್ನಡದಲ್ಲಿ ಇವು ‘ಪೊಗೞ್’, ‘ತೆಗೞ್’. ತೆಲುಗಿನಲ್ಲಿ ‘ಪೊಗಡು’, ‘ತೆಗಡು’. ಹಳಗನ್ನಡದ ರೞ ತೆಲುಗಿನಲ್ಲಿ ಡಕಾರವಾಗುವುದು ಹಲವು ಪದಗಳಲ್ಲಿ ಕಾಣುವ ನಿಯಮ. ಮೆಚ್ಚುಗೆ ಮತ್ತು ಅಮೆಚ್ಚುಗೆಗಳನ್ನು ಈ ಎರಡು ಭಾಷೆಗಳು ಒಂದೇ ತಾಯಿಯಿಂದ ಕಲಿತಿವೆ. ‘ಹಳಿ’ ಎಂಬುದು ‘ಪೞಿ’ಯಿಂದ ಬಂದುದು. ತಮಿಳಿನಲ್ಲಿ ಅದೇ ಪದ ಇಂದಿಗೂ ಅಪವಾದ, ನಿಂದೆ ಎಂಬ ಅರ್ಥದಲ್ಲಿದೆ. ನಮ್ಮ ಹಳೆಯ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಬಾಳಿದ ಬಸವಣ್ಣನವರು ಏಳು ಬೇಡಗಳನ್ನು ಹೇಳಿದ ಪ್ರಸಿದ್ಧ ವಚನದಲ್ಲಿ ಎದುರಿನವರನ್ನು ಹಳಿಯುವುದೂ ಒಂದು ಬೇಡವಾಗಿ ಬರುತ್ತದೆ. ಇನ್ನು ‘ಮೂಗು ಮುರಿಯುವುದು’ ಎಂಬ ನಮ್ಮ ನುಡಿಗಟ್ಟಿಗೆ ಮರಾಠಿಯ ‘ನಾಕ ಮುರಡಣೆ’ ಕನ್ನಡಿ ಹಿಡಿದಂತಿದೆ. ಅಮೆಚ್ಚುಗೆಗೆ ಮೂಗೇ ಬೇಕೆಂದು ಎರಡು ಭಾಷೆಗಳಿಗೂ ತೋರಿತೇನೋ.

ವಿಭಾಗದ ಪತ್ರಿಕೆಯಾದುದರಿಂದ ಇಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಸಣ್ಣ ಪಾಠವನ್ನೂ ಸೇರಿಸುತ್ತೇನೆ. ಒಪ್ಪದಿರುವಿಕೆಯನ್ನು ಹೇಳಲು ಕನ್ನಡದಲ್ಲಿ ಒಂದು ಏಣಿಯಷ್ಟು ಕ್ರಿಯಾಪದಗಳಿವೆ. ಕೆಳಗಿನ ಮೆಟ್ಟಿಲಲ್ಲಿ ‘ಒಲ್ಲೆನೆನ್ನು’, ‘ಅಸಮ್ಮತಿ ಸೂಚಿಸು’. ಇಲ್ಲಿ ಹೇಳುವವನು ತನ್ನ ಮನಸ್ಸನ್ನು ತಿಳಿಸುತ್ತಾನೆ, ಎದುರಿನವನ ಕೈ ಹಿಡಿಯುವುದಿಲ್ಲ. ಅದರ ಮೇಲೆ ‘ಆಕ್ಷೇಪಿಸು’. ಇದಕ್ಕೆ ಕಾರಣ ಕೊಡಬೇಕಾಗುತ್ತದೆ, ಉತ್ತರ ಕೇಳಬೇಕಾಗುತ್ತದೆ. ‘ಖಂಡಿಸು’ ಎಂಬುದರ ಮೂಲಾರ್ಥ ತುಂಡರಿಸುವುದು. ಶಾಸ್ತ್ರಗಳಲ್ಲಿ ವಾದವನ್ನು ಮುರಿಯುವುದಕ್ಕೂ ಪತ್ರಿಕೆಗಳಲ್ಲಿ ಕೃತ್ಯವನ್ನು ಬಹಿರಂಗವಾಗಿ ದೂಷಿಸುವುದಕ್ಕೂ ಅದು ಬಳಕೆಯಲ್ಲಿದೆ. ‘ಜರೆ’, ‘ಹೀಗಳೆ’, ‘ಮೂದಲಿಸು’ಗಳು ಕೃತ್ಯವನ್ನು ಬಿಟ್ಟು ಮನುಷ್ಯನನ್ನು ಹಿಡಿಯುತ್ತವೆ. ‘ಬೈ’, ‘ಗದರಿಸು’ಗಳಲ್ಲಿ ಸಿಟ್ಟಿದೆ, ಆದರೆ ಮನೆಯೊಳಗೆ ಬಳಸಿದರೆ ಸಲಿಗೆಯೂ ಇದೆ. ‘ಛೀಮಾರಿ ಹಾಕು’ ನಾಲ್ಕು ಜನರ ಮುಂದೆ ಆಗುವಂಥದು. ‘ನಿಷೇಧಿಸು’ ಈ ಏಣಿಯ ಮೇಲೆಯೇ ಇಲ್ಲ. ಅದು ಅಭಿಪ್ರಾಯವಲ್ಲ, ಅಧಿಕಾರ. ಯಾರ ಬಳಿ ತಡೆಯುವ ಶಕ್ತಿಯಿದೆಯೋ ಅವರು ಮಾತ್ರ ಅದನ್ನು ನುಡಿಯಬಲ್ಲರು. ಅನುವಾದ ಮಾಡುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಮೂಲದಲ್ಲಿ ಹೇಳಿದ್ದು ಕೃತ್ಯದ ಮೇಲೋ, ವ್ಯಕ್ತಿಯ ಮೇಲೋ? ಹೇಳಿದವರು ತಮ್ಮ ಮನಸ್ಸನ್ನು ತಿಳಿಸುತ್ತಿದ್ದಾರೋ, ಬಾಗಿಲನ್ನು ಮುಚ್ಚುತ್ತಿದ್ದಾರೋ? ನಾನು ಎರಡನ್ನೂ ಕೇಳಿಕೊಳ್ಳಲಿಲ್ಲ.

ಇಷ್ಟು ಬರೆದು ನಿಲ್ಲಿಸಿದ್ದರೆ ಇದು ಒಂದು ಪದದೋಷದ ಕಥೆಯಾಗಿ ಮುಗಿಯುತ್ತಿತ್ತು. ಮರಾಠಿ ಶಾಲೆಯ ಮೇಲೆ ಭಾರ ಹೊರಿಸಿ ನಾನು ಹಗುರಾಗಬಹುದಾಗಿತ್ತು. ಆದರೆ ಸತ್ಯ ಅದಲ್ಲ. ಆ ಐದನೆಯ ವಾಕ್ಯವನ್ನು ಓದಿದಾಗ ನನ್ನೊಳಗೆ ಒಂದು ಸಣ್ಣ ಒಪ್ಪಿಗೆ ಎದ್ದಿತ್ತು. ವೇದಿಕೆಯ ಮೇಲೆ ‘ಯಾನ್’, ‘ಮಾಡ್ಲತ್ತೀನಿ’, ‘ಬರ್ಲತ್ತದ’ ಎಂಬ ಮಾತುಗಳು ಬಾರದಿದ್ದರೆ ಒಳ್ಳೆಯದೆಂದು ನನಗೂ ಅನಿಸಿತ್ತು. ಬೀದರಿನ ಶಾಲೆಗೆ ಸೇರಿದ ವರ್ಷ ಒಬ್ಬ ಗುರುಗಳು ನಾನು ಬಾಯಿ ತೆರೆದಾಗಲೆಲ್ಲ ತರಗತಿಯ ಕಡೆ ತಿರುಗಿ ಮುಗುಳ್ನಗುತ್ತಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ಆ ನಗೆಗೆ ಹೆದರಿ ಒಂದೊಂದೇ ಪದವನ್ನು ನಾಲಗೆಯಿಂದ ಇಳಿಸಿದೆ. ಪದವಿ ಮುಗಿಸುವ ಹೊತ್ತಿಗೆ ನನ್ನ ಮಾತು ಎಲ್ಲಿಯದೆಂದು ಯಾರಿಗೂ ಗುರುತು ಹತ್ತದಂತಾಗಿತ್ತು. ಅದನ್ನು ಸಾಧನೆಯೆಂದು ಬಗೆದಿದ್ದೆ. ಇಂದಿಗೂ ನಮ್ಮ ಕಡೆಯವರು ಬೆಂಗಳೂರಿನಲ್ಲಿ ಯಾರನ್ನಾದರೂ ಭೇಟಿಯಾದರೆ ಹೆಸರು ಹೇಳುವುದಕ್ಕೂ ಮೊದಲು, “ನಮ್ಮದು ಕಲಬೆರಕೆ ಕನ್ನಡ ರೀ, ತಪ್ಪು ತಿಳೀಬ್ಯಾಡ್ರಿ” ಎನ್ನುತ್ತಾರೆ. ಬೇರೆಯವರು ಬೆಲೆ ಕಟ್ಟುವ ಮುನ್ನ ತಾವೇ ಸವಕಳಿ ಕಳೆದು ತೋರಿಸುತ್ತಾರೆ. ಆ ಇಂಗ್ಲಿಷ್ ಪದದ ಎರಡನೆಯ ಅರ್ಥ ಗಡಿಯಲ್ಲಿ ಬದುಕುವವರಿಗೆ ನಿಘಂಟು ನೋಡದೆ ತಿಳಿಯುತ್ತದೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ಪ್ರತಿ ವರ್ಷ ನಾನು ಪಾಠ ಮಾಡುತ್ತೇನೆ. ತಾಂಡೂರಿಗೆ ದೂರವಲ್ಲದ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಗ್ರಂಥ ಅದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಅದು ಸಾರುವುದನ್ನು ಎಲ್ಲರೂ ಬಲ್ಲರು. ಅದೇ ಗ್ರಂಥ ಕನ್ನಡಗಳೆಂದು ಬಹುವಚನದಲ್ಲಿ ಹೇಳಿ, ದೇಸಿಗಳು ಬೇರೆಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಇಂತಿಷ್ಟೆಂದು ಎಣಿಸಲು ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ. ಈ ಮಾತನ್ನು ಕಪ್ಪು ಹಲಗೆಯ ಮುಂದೆ ನಿಂತು ಎಷ್ಟೋ ಸಲ ವಿವರಿಸಿದ್ದೇನೆ. ಮಾಂಜ್ರಾ ಕೂಡುವುದು ಆ ಗೋದಾವರಿಯನ್ನೇ. ಹಾಗಿದ್ದೂ ಆ ದಂಡೆಯ ಕನ್ನಡ ನನ್ನ ಸೂಚನಾ ಫಲಕದಲ್ಲಿ ತಡೆಗೆ ಒಳಗಾಯಿತು.

ಅಂದು ರಾತ್ರಿ ನೆನಪಾದದ್ದು ಅವ್ವ. ನಾನು ಪಿಯುಸಿ ಓದುತ್ತಿದ್ದಾಗ ಬೀದರಿನಿಂದ ಗೆಳೆಯರಿಬ್ಬರು ನಾಗಲಗಿದ್ದಕ್ಕೆ ಬಂದಿದ್ದರು. ಅವ್ವ ರೊಟ್ಟಿ ಬಡಿಯುತ್ತ ಅವರನ್ನು ಮಾತನಾಡಿಸುತ್ತಿದ್ದಳು. ಒಂದೇ ವಾಕ್ಯದಲ್ಲಿ ಉದಗೀರದ ಮರಾಠಿ, ಊರಿನ ಕನ್ನಡ, ಒಂದೆರಡು ತೆಲುಗು ಪದ. ನಾನು ನಡುವೆ ಬಾಯಿ ಹಾಕಿ, “ಅವ್ವಾ, ಹಂಗಲ್ಲ, ಹೀಗೆ ಹೇಳಬೇಕು” ಎಂದು ಎರಡು ಸಲ ತಿದ್ದಿದೆ. ಆಕೆ ಮಾತು ನಿಲ್ಲಿಸಿದಳು. ಊಟ ಬಡಿಸಿ ಮುಗಿಯುವವರೆಗೂ ಒಂದು ಮಾತಿಲ್ಲ. ಗೆಳೆಯರನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಹಿಟ್ಟಿನ ಕೈಗಳನ್ನು ತೊಳೆದುಕೊಂಡು ಬಂದು, ನಿಜವಾಗಿಯೂ ಎರಡೂ ಕೈ ಜೋಡಿಸಿ, “ಬ್ಯಾಡಪ್ಪಾ, ನಿನ್ನ ಕೈ ಮುಗೀತೀನಿ. ಮಂದಿ ಮುಂದ ಹಂಗ ಮಾಡಬ್ಯಾಡ” ಎಂದಳು.

ಲ್ಯಾಟಿನ್ ಪದದ ಅರ್ಥವನ್ನು ನಿಘಂಟಿನಲ್ಲಿ ಓದುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕೈಗಳು. ಆಗದಿರಲಿ ಎಂದು ಬೇಡಿಕೊಳ್ಳುವುದು. ಆಕೆ ನನ್ನ ನಡತೆಯನ್ನು ಒಪ್ಪಲಿಲ್ಲ, ಆದರೆ ನನ್ನನ್ನು ಜರೆಯಲಿಲ್ಲ, ತಡೆಯಲೂ ಇಲ್ಲ. ಬೇಡಿದಳು. ಆಗ ಇನ್ನೊಂದು ಸಂಗತಿ ಹೊಳೆಯಿತು. ಇಷ್ಟು ವರ್ಷ ವ್ಯಾಕರಣ ಹೇಳಿಯೂ ನಾನು ಅದರ ಮುಂದೆ ನಿಂತಿರಲಿಲ್ಲ. ನಮ್ಮ ‘ಬೇಡು’ ಮತ್ತು ‘ಬೇಡ’ ಎರಡೂ ಒಂದೇ ಧಾತುವಿನ ಮಕ್ಕಳು. ತಮಿಳಿನ ‘ವೇಂಡು’, ‘ವೇಂಡಾಂ’ ಎಂಬ ಜೋಡಿ ಅದಕ್ಕೆ ಸಾಕ್ಷಿ. ಬಯಸುವುದು, ಯಾಚಿಸುವುದು ಒಂದು ರೂಪ. ಅದರ ನಿಷೇಧ ರೂಪ ‘ಬೇಡ’. ವ್ಯಾಕರಣದಲ್ಲಿ ನಾವು ‘ನಿಷೇಧಾರ್ಥಕ’ವೆಂದು ಕಲಿಸುವ ಆ ಪದದ ಹೊಟ್ಟೆಯಲ್ಲಿ ಒಂದು ಬೇಡಿಕೆ ಕುಳಿತಿದೆ. ಇಂಗ್ಲಿಷಿನವರು ಪ್ರಾರ್ಥನೆಯಿಂದ ಅಸಮ್ಮತಿಗೆ ಬರಲು ಲ್ಯಾಟಿನ್ನಿನ ದಾರಿ ಹಿಡಿದರು. ನಮಗೆ ಆ ದಾರಿ ಮನೆಯ ಒಳಗೇ ಇತ್ತು. ‘ಡೆಪ್ರಿಕೇಟ್’ ಎಂಬುದಕ್ಕೆ ನಾನು ಹುಡುಕಬೇಕಾಗಿದ್ದ ಕನ್ನಡ ನಾಗಲಗಿದ್ದದ ಅಡುಗೆಮನೆಯಲ್ಲಿ ಅವ್ವನ ಬಾಯಿಯಲ್ಲಿ ಇತ್ತು: ಬ್ಯಾಡಪ್ಪಾ.

ಮರುದಿನ ಸಮಿತಿಯ ಅಧ್ಯಕ್ಷರನ್ನು ಕಂಡು ತಪ್ಪನ್ನು ಒಪ್ಪಿಕೊಂಡೆ. ಅವರು, “ಸ್ಪರ್ಧೆ ಮುಗಿದೇ ಹೋಯಿತಲ್ಲ, ಈಗೇಕೆ?” ಎಂದರು. ಆದರೂ ತಿದ್ದುಪಡಿಯನ್ನು ಬರೆದು ಫಲಕಕ್ಕೆ ಹಚ್ಚಿದೆ: ‘ಹಿಂದಿನ ಸೂಚನೆಯಲ್ಲಿ “ನಿಷೇಧಿಸುತ್ತದೆ” ಎಂಬುದು ಅನುವಾದಕನ ತಪ್ಪು. ಶಿಷ್ಟ ಕನ್ನಡವನ್ನು ಬಳಸಿದರೆ ಒಳ್ಳೆಯದೆಂಬುದು ಸಮಿತಿಯ ಅಭಿಪ್ರಾಯವಾಗಿತ್ತು. ಯಾರ ಮಾತಿಗೂ ತಡೆಯಿರಲಿಲ್ಲ.’ ಕೆಳಗೆ ನನ್ನ ಸಹಿ. ಹಳೆಯ ಸೂಚನೆಗಳನ್ನು ತೆಗೆದು ಹಾಕಿದ್ದರಿಂದ ಫಲಕದ ಮೇಲೆ ಅದೊಂದೇ ಹಾಳೆ ಇತ್ತು. ಅವಳು ಅದನ್ನು ಓದಿದ್ದನ್ನು ಕಿಟಕಿಯಿಂದ ಕಂಡೆ. ಓದಿ, ಬ್ಯಾಗನ್ನು ಹೆಗಲಿಗೇರಿಸಿ ಬಸ್ಸಿನ ಕಡೆಗೆ ನಡೆದಳು.

ಮುಂದಿನ ವರ್ಷವೂ ಅವಳು ಚರ್ಚಾ ಸ್ಪರ್ಧೆಗೆ ಹೆಸರು ಕೊಡಲಿಲ್ಲ. ಕೇಳಿದಾಗ, “ಇಚ್ಛಾ ಇಲ್ಲ ಸರ್” ಎಂದಳಷ್ಟೇ. ಕಳೆದುಹೋದ ಒಂದು ಅವಕಾಶವನ್ನು ಒಂದು ಹಾಳೆ ಹಿಂದಿರುಗಿಸದು. ಆದರೆ ಕೊನೆಯ ಸೆಮಿಸ್ಟರಿನ ನಿಯೋಜಿತ ಕಾರ್ಯಕ್ಕೆ ಅವಳು ಆರಿಸಿಕೊಂಡ ವಿಷಯ ‘ನಮ್ಮೂರಿನ ಬೈಗುಳಗಳು’. ತನ್ನ ಅಜ್ಜಿ, ನೆರೆಯ ಹೆಣ್ಣುಮಕ್ಕಳು, ಸಂತೆಯ ವ್ಯಾಪಾರಿಗಳನ್ನು ಮಾತನಾಡಿಸಿ ನೂರಕ್ಕೂ ಹೆಚ್ಚು ಪದಗಳನ್ನು ಕೂಡಿಹಾಕಿದ್ದಳು. ಯಾವುದು ಸಿಟ್ಟಿಗೆ, ಯಾವುದು ಮುದ್ದಿಗೆ, ಯಾವುದನ್ನು ಅಳಿಯನ ಮುಂದೆ ಆಡಬಾರದು ಎಂಬ ವಿವರಗಳೊಂದಿಗೆ. ವಿಭಾಗದ ಸಭೆಯಲ್ಲಿ ಅದನ್ನು ಮಂಡಿಸುವಾಗ ಮೊದಲ ಎರಡು ನಿಮಿಷ ಪುಸ್ತಕದ ಕನ್ನಡದಲ್ಲಿ ಓದಿದಳು. ಆಮೇಲೆ ಅಜ್ಜಿಯ ಮಾತನ್ನು ಹೇಳಬೇಕಾಗಿ ಬಂದಿತು. ಹಾಳೆಯನ್ನು ಕೆಳಗಿಟ್ಟು, “ನಮ್ಮ ಆಯಿ ಯಾನ್ ಅಂತಾಳ ಅಂದ್ರ...” ಎಂದು ಶುರು ಮಾಡಿದವಳು ಮತ್ತೆ ಹಾಳೆಯನ್ನು ಎತ್ತಿಕೊಳ್ಳಲಿಲ್ಲ. ಹಿಂದಿನ ಬೆಂಚಿನವರು ನಕ್ಕರು, ಆದರೆ ಅದು ಬೈಗುಳ ಕೇಳಿ ಬಂದ ನಗೆ. ಅವಳೂ ನಕ್ಕಳು.

ಆ ಪಟ್ಟಿಯ ಒಂದು ಪ್ರತಿ ನಮ್ಮ ವಿಭಾಗದ ಕಪಾಟಿನಲ್ಲಿದೆ. ಆಸಕ್ತರು ನೋಡಬಹುದು. ಅನುವಾದಕ್ಕೆಂದು ಠರಾವುಗಳು ಈಗಲೂ ನನ್ನ ಮೇಜಿಗೆ ಬರುತ್ತವೆ. ನಾಮಪದಗಳನ್ನೆಲ್ಲ ಮೊದಲು ಬರೆದು, ಕ್ರಿಯಾಪದದ ಜಾಗವನ್ನು ಖಾಲಿ ಬಿಟ್ಟು, ಒಂದು ಲೋಟ ಚಹಾ ಕುಡಿದು ಬಂದು ಅದನ್ನು ತುಂಬುತ್ತೇನೆ. ಸಂಜೆಯ ಬಸ್ಸು ಕೆಲವೊಮ್ಮೆ ತಪ್ಪುತ್ತದೆ.